ಬನ್ನಿ ಮುಟ್ಟಿಸಿದ ಪ್ರಯಾಣ

ದಸರೆಯ ಮರುದಿನ ಬೆಳಿಗ್ಗೆ ಏಳಕ್ಕೆ ಕೊಪ್ಪಳದಿಂದ ಯಲಬುರ್ಗಿಗೆ ಹೊರಟೆ. ಇಟಗಿಯ ಗುಡಿ ನೋಡಲು ಮೈಸೂರಿನಿಂದ ಬಂದಿದ್ದ ಶಾಲಾ ಮೇಷ್ಟರಾದ ನನಗೆ ಅಲ್ಲಿ ಸ್ವಂತ ಕೆಲಸವೇನೂ ಇರಲಿಲ್ಲ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ಜವಳಿ ಅಂಗಡಿಯ ಸಂಗಪ್ಪನವರು. ಅವರು ಒಂದು ಪೊಟ್ಟಣ ಬನ್ನಿ ಎಲೆ ಕೊಟ್ಟು, ಯಲಬುರ್ಗಿಯ ದರ್ಜಿ ಹುಸೇನಸಾಬರಿಗೆ ಮುಟ್ಟಿಸಬೇಕೆಂದರು. ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. ದಸರೆಗೆ ಬನ್ನಿ ಕೊಟ್ಟರೆ ಹಳೆಯ ಮುನಿಸು ಮರೆತಂತೆ.

"ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬಹುದಲ್ಲ?" ಎಂದೆ.

"ಇಲ್ರಿ ಮಾಸ್ತರ, ಮನುಷ್ಯಾನ ಹೋಗಬೇಕು," ಎಂದರು.

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಹನ್ನೆರಡಾಣೆ ಕೊಟ್ಟು ಹತ್ತಿದವರೇ ಎರಡು ಕಡೆ ಇಳಿದು ತಳ್ಳಿದೆವು. ಎರೆಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬೆಳೆದಿತ್ತು. ಊರು ಸೇರಿ ಹುಸೇನಸಾಬರ ಅಂಗಡಿ ಕೇಳಿಕೊಂಡು ಹೋದಾಗ ಮಧ್ಯಾಹ್ನ.

"ನಿಮ್ಮ ಗೆಳೆಯರು ಸಂಗಪ್ಪನವರು ಕಳಿಸಿದ್ದಾರೆ," ಎಂದು ಪೊಟ್ಟಣ ಮುಂದೆ ಹಿಡಿದೆ. ಹುಸೇನಸಾಬರು ಹೊಲಿಗೆ ನಿಲ್ಲಿಸಿದರು, ಕೈ ಮಾತ್ರ ಚಾಚಲಿಲ್ಲ.

"ಗೆಳೆಯಾ ಅಲ್ರಿ, ಅಣ್ಣ. ನನ್ನ ಹಡದಾಕಿ ಹಡದಾಗನ ತೀರಿಕೊಂಡ್ಲು. ಅವರವ್ವ ಹಾಲು ಕುಡಿಸಿ ಬದುಕಿಸ್ಯಾಳ. ನಮ್ಮ ಮುಸಲ್ಮಾನರಾಗ ಹಾಲು ಕೊಟ್ಟಾಕಿನೂ ತಾಯಿನ. ಮೂರು ವರ್ಷದ ಹಿಂದ ಆ ಅವ್ವ ಸತ್ತಾಗ ಬೀಗರಿಗೆಲ್ಲಾ ಮನುಷ್ಯಾರ್ನ ಕಳಿಸ್ಯಾರ, ಮಗನಾದ ನನಗ ಕಾರ್ಡು ಬರದಾರ! ನಾ ಮಣ್ಣಿಗೆ ಹೋಗಲಿಲ್ಲ."

ನಮ್ಮ ಕಡೆ ಅಂಥ ಕಾರ್ಡು ಹೊತ್ತಿಗೆ ಸರಿಯಾಗಿ ಬಂದರೆ ಅದೇ ದೊಡ್ಡದು. ಅಂಚೆಯ ಮಾತೆತ್ತಿದ್ದಕ್ಕೆ ಈಗ ನಾಚಿಕೆಯಾಯಿತು.

"ಇದನ್ನ ಕೊಡಾಕಂತನ ಬಂದೀರೇನು?"

"ಇದಕ್ಕಾಗಿಯೇ ಕಳಿಸಿದರು."

ಪೊಟ್ಟಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ದೊಡ್ಡಾಂವ ಮೊದಲು ಬನ್ನಿ ಕಳಿಸಿದ ಮ್ಯಾಲೆ ಸಣ್ಣಾಂವ ಸುಮ್ನ ಕುಂದರಬಾರದ್ರಿ."

ರಾತ್ರಿ ರೊಟ್ಟಿ, ಪುಂಡಿಪಲ್ಯ ಉಣಿಸಿ ಅಲ್ಲೇ ಉಳಿಸಿಕೊಂಡರು. ಮರುದಿನ ತಾವೂ ಒಂದು ಹಿಡಿ ಬನ್ನಿ ಹಿಡಿದು ನನ್ನೊಂದಿಗೆ ಬಸ್ಸು ಹತ್ತಿದರು.

ಕೊಪ್ಪಳದಲ್ಲಿ ನಮ್ಮನ್ನು ಕಂಡು ಸಂಗಪ್ಪನವರು ಅಂಗಡಿಯಿಂದಿಳಿದು ಬಂದು ಬನ್ನಿಗೆ ಕೈಯೊಡ್ಡಿದರು. ಹುಸೇನಸಾಬರು ಕೊಡಲಿಲ್ಲ. ಸಂಗಪ್ಪನವರ ಮುಖ ಸಣ್ಣಗಾಯಿತು.

"ಮೊದಲು ದೊಡ್ಡಾಕಿಗೆ, ಆಮ್ಯಾಲೆ ನಿನಗ," ಎಂದರು ಹುಸೇನಸಾಬರು. "ಅವ್ವನ್ನ ಎಲ್ಲಿ ಮಣ್ಣು ಮಾಡೀಯೋ ಅಣ್ಣಾ?" ಅಷ್ಟು ಹೇಳಿ ಬೀದಿಯಲ್ಲೇ ಅತ್ತುಬಿಟ್ಟರು.

ಸಂಗಪ್ಪನವರು ಗಜಕೋಲನ್ನು ನನ್ನ ಕೈಗಿತ್ತು, ತಮ್ಮನ ಭುಜ ಹಿಡಿದು ಸ್ಮಶಾನದ ದಾರಿ ಹಿಡಿದರು. ನಾನು ಅಂಗಡಿ ಕಾಯುತ್ತ ಕುಳಿತೆ, ಊರಿಗೆ ಮರಳಬೇಕಿದ್ದ ಸಂಜೆಯ ರೈಲು ತಪ್ಪಿತು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮರಳಿದರು. ಸಂಗಪ್ಪನವರು ತಲೆಯ ರುಮಾಲಿನಲ್ಲಿ ಬನ್ನಿಯ ಒಂದು ಎಲೆ ಸಿಕ್ಕಿಸಿಕೊಂಡಿದ್ದರು.