ಮೊದಲ ಪುಟದಲ್ಲೇ ಹೇಳಿಬಿಟ್ಟ ಹೆಸರು

ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುವ ದುರಭ್ಯಾಸ ನನ್ನದು. ಕೊಲೆಗಾರ ಯಾರೆಂದು ತಿಳಿದುಬಿಟ್ಟರೆ, ಮಿಕ್ಕ ಸಭ್ಯ ಗಂಡಸರೆಲ್ಲ ಹೆಂಗಸರೊಡನೆ ಹೇಗೆ ನಡೆದುಕೊಂಡರೆಂಬುದನ್ನು ನಿಶ್ಚಿಂತೆಯಿಂದ ಗಮನಿಸಬಹುದು; ಫ್ರೆಂಚ್ ಪತ್ತೇದಾರಿ ಸಾಹಿತ್ಯದಲ್ಲಿ ಸ್ತ್ರೀವಾದವನ್ನು ಹುಡುಕುವ ನನ್ನ ಸಂಶೋಧನೆಯ ಸಾರಸರ್ವಸ್ವವೂ ಇಷ್ಟೇ. ನಮ್ಮ ಬನಹಟ್ಟಿಯಲ್ಲಿ ಇದನ್ನು ವಿವರಿಸಿದರೆ, "ಅಂದ್ರ ಪೊಲೀಸ್ ನೌಕರಿ ಸಿಗ್ತೈತೇನವಾ?" ಎನ್ನುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಢಾಲು ಗೆದ್ದ ನನಗೆ ಉತ್ತರ ತೋಚದ ಪ್ರಶ್ನೆ ಅದೊಂದೇ.

ಮದುವೆಯಾಗಿ ಮುಧೋಳದ ಗಂಡನ ಮನೆಗೆ ಕಾಲಿಟ್ಟ ದಿನ ಈ ದುರಭ್ಯಾಸ ಕೈಕೊಟ್ಟಿತು. ಹೊಸ್ತಿಲು ದಾಟುವ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಸಾಲುಗಳಲ್ಲಿ ಬಚ್ಚಿಟ್ಟು, ಕಾಯಿಸಿ, ಕಡೆಗೆ ಹೇಳಬೇಕೆಂಬುದು ನಮ್ಮ ಕಡೆಯ ಪದ್ಧತಿ. ನಾದಿನಿ ಶೋಭಾ ಬಾಗಿಲಿಗೆ ಕೈ ಅಡ್ಡವಿಟ್ಟು, "ಹೆಸರ ಹೇಳ್ರಿ ವೈನಿ, ಒಳಗ ಬರ್ರಿ" ಎಂದಳು.

"ಪ್ರಕಾಶ" ಎಂದೆ. ಕಾಲೇಜಿನ ದಿನಗಳಿಂದ ಕೂಗುತ್ತಿದ್ದ ಹೆಸರು ತಾನೇ!

ಕೊಲೆಗಾರನನ್ನು ಮೊದಲ ಪುಟದಲ್ಲೇ ಹಿಡಿದುಕೊಟ್ಟವಳನ್ನು ನೋಡುವಂತೆ ಹೆಂಗಸರೆಲ್ಲ ನನ್ನನ್ನು ನೋಡಿದರು. "ಅಯ್ಯ, ಹಿಂಗ ಒದರಿದ್ರ ಏನ್ ಮಜಾ ಬೇ!"

"ಓದಿದ ಹುಡುಗಿ, ಬಿಡ್ರಿ" ಎಂದು ಮಾವನವರು ಔದಾರ್ಯ ತೋರಿದರು. "ಇನ್ನ ಓದೋದು ಆತು. ಮನ್ಯಾಗಿದ್ದು ಎಲ್ಲಾ ಕಲೀತಾಳ."

ಸಂಶೋಧನೆಗೆಂದು ಪ್ಯಾರಿಸ್ಸಿಗೆ ಹೊರಡಬೇಕಿದ್ದ ನನ್ನ ಪ್ರಬಂಧ ಅಲ್ಲೇ ಅಂಗಳದಲ್ಲಿ ಹೆಣವಾಗಿ ಬಿತ್ತು. ನನ್ನನ್ನು ಕಳಿಸುವುದಾಗಿ ಮದುವೆಗೆ ಮುಂಚೆ ಮಾತು ಕೊಟ್ಟಿದ್ದ ಪ್ರಕಾಶ, ತಿರುಗಿಬಿದ್ದ ಸಾಕ್ಷಿಯಂತೆ ತನ್ನ ಚಪ್ಪಲಿಗಳನ್ನು ಅಧ್ಯಯನ ಮಾಡುತ್ತಿದ್ದ. ವಾದಕ್ಕಿಳಿದರೆ ಉದ್ಧಟತನ, ಸುಮ್ಮನಿದ್ದರೆ ಸಮ್ಮತಿ. ಒಡಪು ಹೇಳಲು ಇನ್ನೊಂದು ಅವಕಾಶ ಬೇಡಿದೆ:

"ಮುಧೋಳ ಕಬ್ಬು ಸಿಹಿ, ಬನಹಟ್ಟಿ ಸೀರಿ ಚಂದ,
ಪ್ಯಾರಿಸಿಗೆ ಓದಾಕ ಕಳಸ್ತೀನಂತ ಮಾತ ಕೊಟ್ಟಾರ ಪ್ರಕಾಶರಾಯರು ತಮ್ಮ ಬಾಯಿಂದ!"

"ಛಲೋ ಹೇಳಿದಿ ಬಿಡವಾ!" ಎಂದು ಅಂಗಳ ಗೊಳ್ಳೆಂದಿತು, ಶೋಭಾಳ ಕೈ ಸರಿಯಿತು. ಹೊಸ್ತಿಲ ಮೇಲಿನ ಒಡಪನ್ನು ಇಷ್ಟು ಹೆಂಗಸರೆದುರು ಸುಳ್ಳೆನ್ನುವ ಧೈರ್ಯ ಯಾವ ಯಜಮಾನನಿಗಿದೆ? ಮಾವನವರು ಮಗನತ್ತ ತಿರುಗಿದರು: "ಖರೇನಲೇ?"

"ಹೌದ್ರೀ ಅಪ್ಪಾ" ಎಂದು ಪ್ರಕಾಶ ತಪ್ಪೊಪ್ಪಿಕೊಂಡ.

ಇದನ್ನು ಪ್ಯಾರಿಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ; ಗೆದ್ದೆನೆಂದು ಬೀಗಬಹುದಿತ್ತು. ಆದರೆ ಓದುಗರೇ, ಸ್ತ್ರೀವಾದದ ಸಂಶೋಧಕಿ ಗಡಿ ದಾಟಿದ್ದು ಗಂಡಸಿನ ಹೆಸರನ್ನೇ ರಹದಾರಿ ಮಾಡಿಕೊಂಡು; ಚರ್ಚಾಸ್ಪರ್ಧೆಯ ಎದುರಾಳಿ ತಂಡದಲ್ಲಿದ್ದಿದ್ದರೆ ಈ ಅಂಶಕ್ಕೆ ನನ್ನನ್ನು ನಾನೇ ಹುರಿದು ಮುಕ್ಕುತ್ತಿದ್ದೆ.

ಈಗಲೂ ಕೊನೆಯ ಪುಟವನ್ನೇ ಮೊದಲು ಓದುತ್ತೇನೆ. ಅಲ್ಲಿ ತಪ್ಪೊಪ್ಪಿಕೊಳ್ಳುವ ಗಂಡಸು ಸಿಕ್ಕ ಕೂಡಲೇ ಮೊದಲ ಪುಟಕ್ಕೆ ಮರಳಿ, ಅವನ ಬಾಯಿ ಬಿಡಿಸಿದ ಹೆಂಗಸು ಎಲ್ಲಿ ನಿಂತಿದ್ದಳೆಂದು ಹುಡುಕುತ್ತೇನೆ.