ಕುಂಬಳಕಾಯಿ ದುಡ್ಡಿಗೆ ಮರದ ಹೊಟ್ಟು

ಆಯುಧಪೂಜೆಯ ಸಂಜೆ, ಪೀಣ್ಯದ ತಮ್ಮ ವರ್ಕ್‌ಶಾಪಿನ ಮುಂದೆ, ತಾವೇ ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟು ಲೋಕೇಶ್ ಜಾರಿ ಬಿದ್ದರು. ಬಿಳಿ ಪಂಚೆ, ಐವತ್ತರ ಬೊಜ್ಜು, ಮೈತುಂಬ ಕುಂಕುಮದ ನೀರು. ದೂರದಿಂದ ನೋಡಿದವರಿಗೆ ಕೊಲೆಯೇ ಆದಂತಿತ್ತು. ಹತ್ತಿರವಿದ್ದ ಕೆಲಸಗಾರರು ನಗು ತಡೆಯಲಾರದೆ ಎಲ್ಲರೂ ಒಟ್ಟಿಗೆ ಕೆಮ್ಮತೊಡಗಿದರು.

ಎತ್ತಲು ಬಂದವನು ಎದುರು ಶೆಡ್ಡಿನ ಕಾಡಪ್ಪ. ಬೇರೆ ಯಾರು ಬಂದಿದ್ದರೂ ಲೋಕೇಶ್ ಸಹಿಸಿಕೊಳ್ಳುತ್ತಿದ್ದರು.

ಕಾಡಪ್ಪ ಈ ಊರಿನವನೇ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲೇ ಹಳೇ ಲೇತ್ ಮೆಷಿನ್ನೊಂದನ್ನು ಇಟ್ಟುಕೊಂಡು ಬೋಲ್ಟು ಮಾಡುತ್ತಾನೆ. ಹಬ್ಬಕ್ಕೆ ಮೆಷಿನ್ನಿಗೆ ಒಂದು ಮೊಳ ಹೂವು, ಊದುಬತ್ತಿ, ಅಷ್ಟೇ. ಕುಂಬಳಕಾಯಿ ಕೊಳ್ಳುವುದಿಲ್ಲ. ಆ ದುಡ್ಡಿಗೆ ಸಾಮಿಲ್ಲಿನಿಂದ ಮರದ ಹೊಟ್ಟು ತರುತ್ತಾನೆ. ಬೀದಿಯವರು ಒಡೆದಂತೆಲ್ಲ ಹಿಂದೆಯೇ ಹೋಗಿ ಚೂರು ಗುಡಿಸಿ, ಲೋಳೆಯ ಮೇಲೆ ಹೊಟ್ಟು ಚೆಲ್ಲುತ್ತಾನೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸ್ಕೂಟಿಯಲ್ಲಿ ಹೋಗುವ ದಾರಿ ಅದು.

ಇದು ಲೋಕೇಶರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ, ಬೆಳಿಗ್ಗೆ ಸ್ವೀಟ್ ಹಂಚುವಾಗ, "ಏನ್ ಕಾಡಪ್ಪಾ, ದೇವ್ರ ಹತ್ರಾನೂ ಡಿಸ್ಕೌಂಟ್ ಕೇಳ್ತೀಯಲ್ಲಯ್ಯಾ! ಒಂದ್ ಕಾಯಿ ನಾನೇ ಕೊಡಿಸ್ಲಾ?" ಎಂದು ಜನರನ್ನು ನಗಿಸಿದ್ದರು. ಈಗ ಅದೇ ಜನ ಕೆಮ್ಮುತ್ತಿದ್ದಾರೆ.

"ಕೈ ಊರ್ಬೇಡಿ ಸಾರ್, ಇನ್ನೂ ಜಾರ್ತದೆ. ನನ್ ಭುಜ ಇಡ್ಕಳಿ," ಎಂದ ಕಾಡಪ್ಪ. ನಿಲ್ಲಿಸಿ, ಪೊರಕೆಯ ಜೊತೆ ತಂದಿದ್ದ ಚೀಲದಿಂದ ಅವರ ಕಾಲಡಿಗೂ ಒಂದು ಬೊಗಸೆ ಹೊಟ್ಟು ಹಾಕಿದ. ಬೆಳಗಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಲೋಕೇಶರಿಗೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ಸೂಪರ್‌ವೈಸರ್ ನಂದೀಶ್ ಕೊನೆಯ ಕಾಯಿಯನ್ನು ಹೆಗಲ ಮೇಲೆ ಹೊತ್ತು ಬಂದ. ಇದ್ದುದರಲ್ಲೇ ದೊಡ್ಡದು. "ಸಾರ್, ಗೇಟಿಂದು ಬಾಕಿ. ಒಡೀಲಾ?"

ಕೆಮ್ಮು ನಿಂತಿತು. ಬೇಡ ಅಂದರೆ ಪೂಜೆ ಅರ್ಧಕ್ಕೆ ನಿಂತಂತೆ. ವರ್ಷವಿಡೀ ಆಗುವ ನಷ್ಟಕ್ಕೆಲ್ಲ ಮನೆಯವರು ಒಡೆಯದೆ ಬಿಟ್ಟ ಇದೇ ಕಾಯಿಯನ್ನು ತೋರಿಸುತ್ತಾರೆ. ಹೂಂ ಅಂದರೆ ಕಾಡಪ್ಪ ಅದನ್ನೂ ಬಾಯಿ ಬಿಡದೆ ಗುಡಿಸುತ್ತಾನೆ. ರಸ್ತೆಯ ತಿರುವಿನಲ್ಲಿ ಸ್ಕೂಟಿಗಳ ಹಾರ್ನ್ ಕೇಳಿಸಿತು.

"ಒಳಗಿಡೋ," ಎಂದರು ಲೋಕೇಶ್, ಯಾರ ಮುಖವನ್ನೂ ನೋಡದೆ.

ಆಮೇಲೆ ಕಾಡಪ್ಪನ ಕೈಯಿಂದ ಪೊರಕೆ ತೆಗೆದುಕೊಂಡರು. ಗುಡಿಸಲು ಬರುತ್ತಿರಲಿಲ್ಲ, ಚೂರುಗಳು ಅತ್ತಿಂದಿತ್ತ ಹೋದವೇ ಹೊರತು ಚರಂಡಿ ಸೇರಲಿಲ್ಲ. ಸುಮ್ಮನಿದ್ದರೆ ಇನ್ನೂ ನಾಚಿಕೆಯಾಗುತ್ತದೆಂದು ಕೇಳಿದರು:

"ಅಲ್ಲಾ ಕಾಡಪ್ಪ... ಕಾಡಪ್ಪನೋರೇ, ಒಂದೂ ಒಡೀದೇ ಇದ್ರೆ ನಿಮ್ ಮೆಷಿನ್ ಮೇಲೆ ಜನರ ಕಣ್ಣು ಬೀಳಲ್ವಾ?"

ಕಾಡಪ್ಪ ಹೊಟ್ಟು ಚೆಲ್ಲುತ್ತಲೇ ಹೇಳಿದ:

"ಬೀಳ್ತದೆ ಸಾರ್. ಅದ್ನೂ ಗುಡಿಸ್ಬುಡ್ತೀನಿ."