ಬಾವಿಯ ಮೇಲಿನ ಮನೆ

ಊರಿನ ನೀರಿನ ಮನೆ ಕೆಡವಿದಾಗ ನನಗೆ ಎಪ್ಪತ್ತರ ಮೇಲೆ ಒಂದೋ ಎರಡೋ. ಈಗ ಮೂರು ವರ್ಷವಾಯಿತು. ಪಂಚಾಯ್ತಿ ಕಾಗದದಲ್ಲಿ ಅದು ಪಂಪ್ ಹೌಸ್. ನಮ್ಮ ಬಾಯಲ್ಲಿ ನೀರಿನ ಮನೆ. ಹೊನ್ನೂರಿಗೆ ಹೋಗುವ ದಾರಿಯಲ್ಲಿ, ಗದ್ದೆ ಬಯಲಿಗೆ ಮೊದಲು, ಒಂದೇ ಕೋಣೆ, ಒಂದೇ ಬಾಗಿಲು. ನೋಡಲು ಏನೂ ಚೆಂದವಿರಲಿಲ್ಲ. ಮಳೆಗಾಲದಲ್ಲಿ ಗೋಡೆ ಪಾಚಿ ಕಟ್ಟುತ್ತಿತ್ತು, ಒಳಗೆ ಗ್ರೀಸಿನ ವಾಸನೆ.

ಅದಕ್ಕೂ ಮುಂಚೆ ಅಲ್ಲಿದ್ದದ್ದು ತೆರೆದ ಬಾವಿ. ನಮ್ಮ ಬೀದಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಮೇಲಿನ ಬೀದಿಯ ಹೆಂಗಸು ಯಾರಾದರೂ ಬಂದು ಸೇದಿ, ನಮ್ಮ ಬಿಂದಿಗೆಗೆ ಸುರಿಯುವವರೆಗೆ ಕೆಳಗೆ ನಿಂತಿರಬೇಕು. ಅವರಿಗೆ ಮನಸ್ಸಿದ್ದರೆ ಬೇಗ, ಇಲ್ಲದಿದ್ದರೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಹೆತ್ತವಳು ಬಾವಿಗೆ ಅರಿಶಿನ ಕುಂಕುಮ ಇಟ್ಟು ಗಂಗೆ ಪೂಜೆ ಮಾಡಿಯೇ ಮತ್ತೆ ನೀರು ಹೊರಬೇಕು. ಅದು ನಮ್ಮ ಕಡೆಯ ಪದ್ಧತಿ. ನನ್ನ ದೊಡ್ಡ ಮಗಳು ಹುಟ್ಟಿದಾಗ ನಾನು ಪೂಜೆ ಮಾಡಿದ್ದು ಬಾವಿಗಲ್ಲ, ಯಾರೋ ಸುರಿದುಕೊಟ್ಟ ಬಿಂದಿಗೆಗೆ.

ಆಮೇಲೆ ಸರ್ಕಾರದ ಮೋಟಾರು ಬಂತು. ಬಾವಿಯ ಬಾಯಿಗೆ ಕಾಂಕ್ರೀಟು ಹಾಕಿ ಮೇಲೆ ಮನೆ ಕಟ್ಟುತ್ತೇವೆ ಅಂದರು. ಮೇಲಿನ ಬೀದಿಯ ಯಜಮಾನರು ಅಡ್ಡ ನಿಂತರು.

"ಗಂಗೆ ಪೂಜ್ಗೆ ಎಲ್ಲಿಗೋಗವ ಸಾ? ನಿಮ್ ಮೋಟ್ರುಗೆ ಕುಂಕ್ಮ ಇಕ್ಕವಾ?"

"ಇಕ್ರಿ, ಚೆನ್ನಾಗಿ ಓಡುತ್ತೆ," ಅಂದ ಎಂಜಿನಿಯರ್. ಯಾರೂ ನಗಲಿಲ್ಲ. ಕೊನೆಗೆ ನೆಲದಲ್ಲಿ ಬಿಂದಿಗೆ ಇಳಿಯುವಷ್ಟು ಒಂದು ಚೌಕ ಬಿಟ್ಟು, ಅದಕ್ಕೆ ಕಬ್ಬಿಣದ ಮುಚ್ಚಳ ಹಾಕಿಸಿದರು.

ಮೋಟಾರು ನೋಡಿಕೊಂಡು ಬೀದಿಬೀದಿಗೆ ನೀರು ಬಿಡಲು ನನ್ನ ಗಂಡನನ್ನು ನೀರುಗಂಟಿ ಮಾಡಿದರು. ಸಂಬಳ ಕಮ್ಮಿ, ಬೈಗುಳ ಜಾಸ್ತಿ. ಮೇಲಿನ ಬೀದಿಯವರು ಯಾರೂ ಆ ಕೆಲಸಕ್ಕೆ ಒಪ್ಪಿರಲಿಲ್ಲ. ಹಾಗೆ ಬೀಗದ ಕೈ ನಮ್ಮ ಮನೆಗೆ ಬಂತು. ಮಗ ಹುಟ್ಟಿದಾಗ ನಾನೇ ಬಾಗಿಲು ತೆಗೆದು, ಮುಚ್ಚಳ ಎತ್ತಿ, ಬಾವಿಯ ನೀರಿಗೇ ಅರಿಶಿನ ಬಿಟ್ಟೆ. ನಮ್ಮ ಬೀದಿಯಲ್ಲಿ ಹಾಗೆ ಮೊದಲು ಮಾಡಿದವಳು ನಾನು. ಮೇಲಿನ ಬೀದಿಯ ಬಾಣಂತಿಯರೂ ನನ್ನ ಬಾಗಿಲಿಗೆ ಬಂದು ಬೀಗದ ಕೈ ಕೇಳಬೇಕಾಯಿತು. ಕೊಟ್ಟೆ. ಕಾಯಿಸಲಿಲ್ಲ ಅಂತ ಹೇಳಲಾರೆ.

ಗಂಡ ಸತ್ತ ಮೇಲೂ ಬೀಗದ ಕೈ ನನ್ನಲ್ಲೇ ಉಳಿಯಿತು, ಆದರೆ ಪೂಜೆಯ ಹೊತ್ತಿಗೆ ನಾನು ಬೀಗ ತೆಗೆದು ಹೊಸಿಲ ಹೊರಗೆ ನಿಲ್ಲುವವಳಾದೆ. ಗಂಡನಿಲ್ಲದವಳು ಗಂಗೆಗೆ ಕುಂಕುಮ ಇಡುವ ಹಾಗಿಲ್ಲ.

ಈಚೆಗೆ ಮನೆಮನೆಗೆ ನಲ್ಲಿ ಬಂದವು. ದೂರದ ಹೊಳೆಯ ನೀರು, ದಿನ ಬಿಟ್ಟು ದಿನ, ಸ್ವಲ್ಪ ಹೊತ್ತು. ಬಾಣಂತಿಯರು ನಲ್ಲಿಗೇ ಕುಂಕುಮ ಇಟ್ಟರು. ಮೋಟಾರು ನಿಂತಿತು, ತಾರಸಿ ಬಿರುಕು ಬಿಟ್ಟಿತು. ಮನೆ ಕೆಡವಿ, ಅದೇ ಇಟ್ಟಿಗೆ ಮಣ್ಣಿನಿಂದ ಬಾವಿ ಮುಚ್ಚುವುದು ಅಂತ ತೀರ್ಮಾನವಾಯಿತು. ಬೇಡ ಅನ್ನುವಷ್ಟು ದಡ್ಡಿಯಲ್ಲ ನಾನು. ಆ ತಾರಸಿ ಯಾರ ತಲೆಯ ಮೇಲೆ ಬೀಳುತ್ತಿತ್ತೋ. ಮುಚ್ಚುವ ಮೊದಲು ಬಾವಿಗೆ ಒಂದು ಪೂಜೆ ಆಗಲಿ ಅಂದೆ, ಅಷ್ಟೆ. ಸೊಸೆ ತಾನು ಮಾಡುತ್ತೇನೆ ಅಂದಳು.

ಬೆಳಿಗ್ಗೆ ಜೆಸಿಬಿ ಬಂತು. ನಾನು ಬೀಗ ತೆಗೆದೆ, ಮುಚ್ಚಳ ಎತ್ತಿಟ್ಟು ಹೊಸಿಲ ಹೊರಗೆ ಬಂದು ನಿಂತೆ. ಸೊಸೆ ತಟ್ಟೆ ಹಿಡಿದು ಹೊಸಿಲು ದಾಟಬೇಕು, ಅಷ್ಟರಲ್ಲಿ ಬೀದಿಯಲ್ಲಿ ಕೂಗೆದ್ದಿತು: "ನೀರ್ ಬಂತು!"

"ಒಂದ್ ಗಳ್ಗೆ ಕಣತ್ತೆ, ಡ್ರಮ್ ತುಂಬ್ಕಂಡು ಬಂದ್ಬುಡ್ತೀನಿ," ಅಂತ ತಟ್ಟೆ ನನ್ನ ಕೈಗಿಟ್ಟು ಓಡಿದಳು. ಬೇರೆ ಹೆಂಗಸರನ್ನು ಕೂಗಿದೆ. ಎಲ್ಲರೂ ನಲ್ಲಿಯ ಮುಂದೆ.

ಜೆಸಿಬಿ ಓಡಿಸುವವನು ಹನೂರು ಕಡೆಯವನು. ಕಾದ. ಬೀಡಿ ಸೇದಿದ. ಮತ್ತೂ ಕಾದ.

"ಅವ್ವೋ, ಕುಂತೂರ್ ತಾವ ಇನ್ನೊಂದ್ ಕೆಲ್ಸ ಅದೆ. ನೀನೇ ಇಕ್ಬುಡು, ಓಗ್ಲಿ."

"ನಾ ಇಕ್ಬಾರ್ದು ಕಣಪ್ಪ. ಗಂಡಿಲ್ದೋಳು."

"ಇಲ್ಲಿರೋದು ನಾನು, ನೀನು, ಈ ಮಿಸನ್ನು. ಯಾರವ್ವ ಕೇಳೋರು?"

"ಯಾರೂ ಕೇಳಕಿಲ್ಲ. ಇಕ್ಬಾರ್ದು, ಅಷ್ಟೇಯ."

ಅವನು ತಲೆ ಕೆರೆದುಕೊಂಡು ಮೇಲೆ ಹತ್ತಿದ. ನಾನು ದೂರ ಸರಿದೆ.

ಒಂದು ಸಲ ನೂಕಿದ್ದಕ್ಕೇ ಗೋಡೆ ಬಿತ್ತು. ನೆಲದ ಕಾಂಕ್ರೀಟನ್ನೂ ಒಡೆದು ಎಲ್ಲ ಒಳಗೆ ತಳ್ಳಿದ. ಇಟ್ಟಿಗೆಗಳು ನೀರಿಗೆ ಬೀಳುವ ಸದ್ದು ಕೇಳಿತು. ಅಂದರೆ ಬಾವಿಯಲ್ಲಿ ಇನ್ನೂ ನೀರಿತ್ತು. ಆಮೇಲೆ ಆ ಸದ್ದೂ ನಿಂತು ಬರೀ ಧೂಳು. ಸೊಸೆ ಒದ್ದೆ ಸೀರೆಯಲ್ಲಿ ಬರುವಾಗ ಅವನು ಮಣ್ಣು ಮಟ್ಟ ಮಾಡುತ್ತಿದ್ದ.

"ಅಯ್ಯೋ, ಆಗೋಯ್ತಾ ಅತ್ತೆ?"

ಅವಳನ್ನು ಬೈಯಲಿಲ್ಲ. ನೀರು ಬಿಟ್ಟು ಬಾ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಿಂದಿಗೆ ಹಿಡಿದು ಕಾದು ನಿಂತವಳು ನಾನು. ಹಗ್ಗ ಮುಟ್ಟಬೇಡ ಅಂದವರು ಮೇಲಿನ ಬೀದಿಯವರು. ಕುಂಕುಮ ಇಡಬೇಡ ಅಂತ ಆ ದಿನ ಯಾರೂ ಅಂದಿರಲಿಲ್ಲ. ನಾನೇ ಅಂದುಕೊಂಡೆ. ಬಾವಿ ಹಾಗೇ ಹೋಯಿತು.

ಮರುದಿನ ಬೆಳಿಗ್ಗೆ ಅದೇ ತಟ್ಟೆ, ಒಂದು ಚೆಂಬು ನಲ್ಲಿ ನೀರು ಹಿಡಿದು ಹೋದೆ. ಹೊಸಿಲಿದ್ದ ಜಾಗ ಅಂದಾಜು ಮಾಡಿ, ಅದನ್ನು ದಾಟಿ ಕುಳಿತು, ಮಣ್ಣಿಗೆ ಅರಿಶಿನ ಕುಂಕುಮ ಇಟ್ಟು ನೀರು ಸುರಿದೆ.